ಅತ್ತೆಯ ಮೋಕ್ಷಕ್ಕಾಗಿ ಮೀನು ನಿಲ್ಲಿಸಿದ್ದು

"ಇನ್ನು ಈ ಮನೆಯ ಹೊಸ್ತಿಲು ದಾಟಿ ಒಂದೇ ಒಂದು ಮೀನು ಒಳಗೆ ಬರಕೂಡದು" ಎಂದು ನಾನು ಹೇಳಿದಾಗ ನಮ್ಮ ಮನೆಯವರು ಊಟಕ್ಕೆ ಕೂತಿದ್ದರು. ಬಟ್ಟಲಲ್ಲಿ ಆಗಷ್ಟೇ ಕಾವಲಿಯಿಂದ ಇಳಿದ ಎರಡು ಬಂಗಡೆ. ಅವರು ಒಮ್ಮೆ ಬಂಗಡೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಉಪ್ಪುಂದದಲ್ಲಿ, ಅಲೆಯ ಸದ್ದು ಕೇಳುವಷ್ಟು ಕಡಲಿಗೆ ಹತ್ತಿರದಲ್ಲಿ, ಮೂರು ತಲೆಮಾರು ಮೀನಿನಿಂದಲೇ ಉಂಡ ಮನೆಯಲ್ಲಿ, ದೋಣಿಗೆ ಹೋಗುವ ಗಂಡನ ಎದುರು ಇಂಥ ಮಾತು ಆಡಲು ಸೊಕ್ಕು ಬೇಕು. ನನಗೆ ಇದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಯಡ್ತರೆಯ ಕಡೆ ನಾನು ನೋಡಿಕೊಳ್ಳುವ ಸಣ್ಣ ಗ್ರಂಥಾಲಯದಲ್ಲಿ ಪೇಪರ್ ಓದಲು ಬರುವ ಗಂಡಸರು ಪುಟ ತಿರುವುವುದೂ ಮೆಲ್ಲಗೆ.

ಆದರೆ ಅವತ್ತಿನದು ಬರೀ ಕೋಪವಲ್ಲ, ಹೆದರಿಕೆ. ಅತ್ತೆಯ ಹೆದರಿಕೆ ನನಗೆ ಅಂಟಿಕೊಂಡಿತ್ತು.

ನಮ್ಮ ಅತ್ತೆ ಐವತ್ತು ವರ್ಷ ಮೀನು ಮಾರಿದವರು. ಮೊದಲು ಬುಟ್ಟಿ ಹೊತ್ತು ಮನೆಮನೆಗೆ, ಮೊಣಕಾಲು ಸೋತ ಮೇಲೆ ಪೇಟೆಯಲ್ಲಿ ಕೂತು. ನಾನು ಮದುವೆಯಾಗಿ ಬಂದಾಗ ನನ್ನ ಬಿ.ಎ. ಅರ್ಧಕ್ಕೆ ನಿಂತಿತ್ತು. "ನೀ ಓದ್ ಹೆಣ್ಣೆ, ಬುಟ್ಟಿ ನಾ ಹೊರ್ತೆ" ಎಂದವರು ಅವರು. ಓದು ಮುಗಿಸಿ ಕುಂದಾಪುರದಿಂದ ಅಂಕಪಟ್ಟಿ ತಂದ ದಿನ ಅದನ್ನು ತಲೆಕೆಳಗಾಗಿ ಹಿಡಿದು ಐದು ನಿಮಿಷ ನೋಡಿ, ಕಣ್ಣು ಒರೆಸಿಕೊಂಡು, ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು. ಅವರಿಗೆ ಅಕ್ಷರ ಬಾರದು. ಬರುತ್ತಿದ್ದದ್ದು ರಾಮನಾಮ ಒಂದೇ.

"ನಂಗೆ ಮಂತ್ರ ಗೊತ್ತಿಲ್ಲೆ, ಶಾಸ್ತ್ರ ಗೊತ್ತಿಲ್ಲೆ, ಮೈಯೆಲ್ಲ ಮೀನ್ ವಾಸ್ನಿ" ಎನ್ನುತ್ತಿದ್ದರು. "ಆರೆ ನಾಲ್ಗಿ ಮೇಲ್ ರಾಮ ಇದ್ದ. ಕಡಿ ಉಸ್ರ್ ಬಿಡುವತಿಗೂ ಅವ ಅಲ್ಲೇ ಇದ್ರ್ ಸಾಕ್. ನಂಗೆ ದಾರಿ ಸಿಕ್ಕುತ್ತ್." ಇಷ್ಟೇ ಅವರ ಧರ್ಮ. ನಾನು ಗ್ರಂಥಾಲಯದಿಂದ ಭಕ್ತಿಯ ಬಗ್ಗೆ ಎಷ್ಟು ಪುಸ್ತಕ ತಂದು ಓದಿ ಹೇಳಿದರೂ ಕೊನೆಗೆ, "ಅದನ್ನೇ ಅಲ್ದಾ ನಾ ಹೇಳದ್ದ್?" ಎಂದು ಮುಗಿಸಿಬಿಡುತ್ತಿದ್ದರು.

ಅವರದ್ದೊಂದು ಹರಕೆಯೂ ಇತ್ತು. ಹಿಂದೊಮ್ಮೆ ನಮ್ಮ ಮನೆಯವರಿದ್ದ ದೋಣಿ ಗಾಳಿಗೆ ಸಿಕ್ಕಿ ಎರಡು ದಿನ ಕಾಣೆಯಾಗಿತ್ತು. ಮೂರನೆಯ ದಿನ ದೋಣಿ ದಡಕ್ಕೆ ಬಂತು. ಆಗ ಅತ್ತೆ ಹೇಳಿಕೊಂಡದ್ದು, ನಮ್ಮ ಓಣಿಯ ಭಜನಾ ಮಂದಿರದಲ್ಲಿ ರಾಮನವಮಿಯ ದಿನದ ಮೊದಲ ನಾಮ ಬದುಕಿರುವವರೆಗೂ ತನ್ನದು ಎಂದು. ಅವತ್ತು ಸೂರ್ಯ ಹುಟ್ಟುವಾಗ ಭಜನೆ ಶುರುವಾದರೆ ಮುಳುಗುವವರೆಗೆ ನಿಲ್ಲುವ ಹಾಗಿಲ್ಲ. ಒಂದು ತಂಡ ಏಳುವ ಮೊದಲೇ ಇನ್ನೊಂದು ತಂಡ ಕೂರಬೇಕು, ತಾಳ ಕೈಯಿಂದ ಕೈಗೆ ದಾಟಬೇಕು. ಆ ಇಡೀ ದಿನಕ್ಕೆ ಬಾಗಿಲು ತೆರೆಯುವುದು ಅತ್ತೆಯ ಒಂದು ಕೂಗು. ದೀಪದ ಹತ್ತಿರ ನಿಂತು "ರಾಮ" ಎಂದು ಒಮ್ಮೆ ಕೂಗಿದರೆ ಸಾಕು, ಉಳಿದವರು ಎತ್ತಿಕೊಳ್ಳುತ್ತಿದ್ದರು. ಒಂದು ವರ್ಷವೂ ತಪ್ಪಿದ್ದಿಲ್ಲ.

ಜನವರಿಯ ಒಂದು ಬೆಳಿಗ್ಗೆ ಚಾ ಲೋಟ ಅವರ ಬಲಗೈಯಿಂದ ಜಾರಿ ಬಿತ್ತು. ಹೆಕ್ಕಲು ಬಗ್ಗಿದವರು ಅಲ್ಲೇ ಕುಸಿದರು. ಕುಂದಾಪುರದ ಆಸ್ಪತ್ರೆಯಲ್ಲಿ ಹತ್ತು ದಿನ. ಜೀವ ಉಳಿಯಿತು, ಬಲಗೈ ಬಲಗಾಲು ಸೋತವು, ಮಾತು ಹೋಯಿತು. "ಅವರಿಗೆ ನೀವು ಹೇಳುವುದೆಲ್ಲ ಅರ್ಥವಾಗುತ್ತದೆ. ಆದರೆ ಬೇಕಾದ ಶಬ್ದ ಬಾಯಿಗೆ ಬರುವುದಿಲ್ಲ. ತುಂಬ ರೂಢಿಯ ಯಾವುದೋ ಹಳೆಯ ಮಾತು ತಾನಾಗಿ ಬಂದರೂ ಬರಬಹುದು" ಎಂದರು ಡಾಕ್ಟರು.

ಆ ಹಳೆಯ ಮಾತು ಯಾವುದೆಂದು ಮನೆಗೆ ಕರೆತಂದ ಸಂಜೆಯೇ ಗೊತ್ತಾಯಿತು. ದೀಪ ಹಚ್ಚಿ ಪಟದ ಎದುರು ಕುರ್ಚಿಯಲ್ಲಿ ಕೂರಿಸಿದೆ. ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿಕೊಂಡು, ಬಾಯಿ ತೆರೆದು, ಎಲ್ಲ ಬಲ ಹಾಕಿ ಅವರು ಹೇಳಿದ್ದು "ಬಂಗ್ಡಿ."

ಅವರೇ ಬೆಚ್ಚಿಬಿದ್ದರು. ಇನ್ನೊಮ್ಮೆ ಪ್ರಯತ್ನಪಟ್ಟರು. "ಬಂಗ್ಡಿ. ಬಂಗ್ಡಿ." ಆಮೇಲೆ ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಒಂದಲ್ಲ, ಎರಡಲ್ಲ. ನಾನು ಓಡಿಹೋಗಿ ಕೈ ಹಿಡಿದರೆ ಆ ಕೈಯಲ್ಲಿ ಎಂಥ ಸಿಟ್ಟು! ಪಟದ ಕಡೆ ಬೊಟ್ಟು ಮಾಡಿದರು, ನಾಲಿಗೆ ಹೊರಹಾಕಿ ತೋರಿಸಿದರು, ತಲೆ ಆಡಿಸುತ್ತ ಅತ್ತರು. ಹೇಳುವುದೇನು ಎಂದು ನನಗೆ ಅರ್ಥವಾಯಿತು. ಕೊನೆಯ ಉಸಿರಿನಲ್ಲಿ ನಾಲಿಗೆ ಮೇಲೆ ಯಾರಿರುತ್ತಾರೋ ಅವರ ಬಳಿಗೇ ಹೋಗುವುದು ಎಂದು ನಂಬಿದ ಹೆಂಗಸು ಅವರು. ಈಗ ಅಲ್ಲಿ ಬಂಗಡೆ ಕೂತಿದೆ. ಹೊರಗಿನವರಿಗೆ ಇದು ನಗುವ ಸಂಗತಿ, ನನಗಲ್ಲ. ರಾಮನವಮಿಗೆ ಎರಡೂವರೆ ತಿಂಗಳಿತ್ತು.

ಆಗ ನನ್ನ ಓದಿದ ತಲೆ ಓಡಿತು ನೋಡಿ! ಕಣ್ಣಿಗೆ, ಮೂಗಿಗೆ, ಕೈಗೆ ಮೀನು ಸಿಗುತ್ತಿರುವುದರಿಂದ ತಾನೇ ಬಾಯಿಗೂ ಮೀನು ಬರುವುದು? ಮನೆ ಶುದ್ಧವಾದರೆ ನಾಲಿಗೆಯೂ ಶುದ್ಧವಾಗುತ್ತದೆ. ಮೀನು ನಿಲ್ಲಿಸಿದೆ. ಅಡುಗೆಮನೆಯ ಕಾವಲಿ ಕತ್ತಿಯೆಲ್ಲ ತಿಕ್ಕಿ ತೊಳೆದೆ, ಅತ್ತೆಯ ಬುಟ್ಟಿಯನ್ನು ಅಟ್ಟಕ್ಕೆ ಎಸೆದೆ, ನೆಲಕ್ಕೆ ಫಿನಾಯಿಲ್ ಸುರಿದೆ, ಊದುಬತ್ತಿಯ ಹೊಗೆಗೆ ನಮ್ಮ ಮನೆಯವರು ಕೆಮ್ಮಿದರು. ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ರಾಮನಾಮ ಹಾಕಿಟ್ಟೆ. ಹದಿನೈದು ದಿನಕ್ಕೆ ಬೆಕ್ಕು ಮನೆ ಬಿಟ್ಟಿತು. ಗಂಡ ಬಿಡಲಿಲ್ಲ, ಆದರೆ ಬೈಂದೂರಿನ ಹೋಟೆಲಿನಲ್ಲಿ ಕದ್ದು ಮೀನೂಟ ಮಾಡಿ ಬಂದು ಕೈ ಮೂಸಲು ಕೊಡದೆ ತಪ್ಪಿಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದರು. ಬೇಳೆ ಸಾರು ಕಲಸಿದ ಅನ್ನ ಎರಡು ತುತ್ತು, ಸಾಕು ಎಂಬಂತೆ ಗೋಡೆಯ ಕಡೆ ತಿರುಗುವುದು. ಬಾಯಲ್ಲಿ ಮಾತ್ರ ಅದೇ ಬಂಗಡೆ.

ಇಷ್ಟೆಲ್ಲ ಆಗುವಾಗ ಒಂದು ಶುಕ್ರವಾರ ಬಾಯಮ್ಮ ಬಂದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದು ವಾಡಿಕೆ. ಇವರು ಹೈವೇಯ ಆಚೆ ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಬ್ರಹ್ಮಾವರದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು, ನನಗಿಂತ ಹದಿನೈದು ವರ್ಷ ಹಿರಿಯರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಾರೆ, ವಾರದ ಉಳಿದ ದಿನ ನಮ್ಮ ಭಜನಾ ಮಂಡಳಿಯ ಹೆಂಗಸರಿಗೆ ಒಂದೇ ಬಣ್ಣದ ರವಿಕೆ ಹೊಲಿಯುತ್ತಾರೆ. ಹೊಲಿಗೆ ಮಿಷನ್ನಿನ ಎದುರಿನ ಸ್ಟೂಲಿನಲ್ಲಿ ಕೂತು ನಾನು ಅವರೊಡನೆ ಎಷ್ಟೋ ವರ್ಷದಿಂದ ಜಗಳ ಆಡುತ್ತಿದ್ದೇನೆ. ಮನುಷ್ಯ ಪಾರಾಗುವುದು ಹೇಗೆ ಎಂಬುದೇ ಜಗಳ. ನಾವು ಕರೆದರೆ ದೇವರು ಬರುತ್ತಾನೆ ಎನ್ನುವುದು ನಾನು. ಅವನು ಬಂದಾಗಿದೆ, ನಾವು ಕರೆಯುವುದೇ ತಡವಾಗಿ ಎನ್ನುವುದು ಅವರು. ಇಬ್ಬರಿಗೂ ಗಂಟಲು ದೊಡ್ಡದು, ಹಾದಿಯಲ್ಲಿ ಹೋಗುವವರು ಲೆಕ್ಕಾಚಾರದ ತಕರಾರು ಎಂದುಕೊಂಡಿರಬೇಕು.

ಮೀನು ನಿಂತ ಸುದ್ದಿ ಕೇಳಿ ಬಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಲ್ಲಿ ಈಗ ತಪಸ್ಸು ಕಾಲ. ಕೋಳಿ ಕುರಿ ಎಲ್ಲ ಬಿಡುದ್. ಆರೆ ಮೀನ್ ಯಾರ್ ಬಿಡ್ತ್ರ್ ಮಾರಾಯ್ತಿ? ನೀ ನಮ್ಮ ಪಾದ್ರಿಗಳಿಗಿಂತ್ಲೂ ಜೋರಾದ್ಯಲೆ!"

ಅತ್ತೆಯ ಮುಖ ಕಂಡ ಮೇಲೆ ಅವರ ನಗು ನಿಂತಿತು. ಹಾಸಿಗೆಯ ಪಕ್ಕ ಕೂತು ಕೈ ಹಿಡಿದುಕೊಂಡರು. "ಅಕ್ಕ, ಹೆದ್ರುದ್ ಬ್ಯಾಡ. ದೇವ್ರ್ ಕಾಂಬುದ್ ನಾಲ್ಗಿನ ಅಲ್ಲ, ಮನ್ಸನ್ನ. ನಾವ್ ಎಂತ ಮಾಡ್ರೂ ಅದನ್ನ ಗಳ್ಸುಕಾತಿಲ್ಲೆ, ಅವ ಸುಮ್ನೆ ಕೊಡುದ್. ಅದಕ್ಕೇ ಕೃಪೆ ಅಂಬುದ್."

ಎಷ್ಟು ಚೆಂದದ ಮಾತು! ಆದರೆ ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದರು. ನನಗೆ ನೆತ್ತಿಗೇರಿತು.

"ಬಾಯಿ ಇದ್ದವ್ರಿಗೆ ಹೇಳುಕೆ ಸುಲಭ ಬಾಯಮ್ಮ! ನಾಲ್ಗಿ ಬ್ಯಾಡ ಅಂದೇಳಿ ನಿಮ್ಮ ನಾಲ್ಗಿಯಲ್ಲೇ ಅಲ್ದಾ ಹೇಳ್ತಿದ್ದದ್ದ್?"

"ನೀ ಕೂಗ್ಬ್ಯಾಡ. ಯೇಸುಸ್ವಾಮಿ ಪಕ್ಕದ ಶಿಲುಬೆಲಿ ಒಬ್ಬ ಕಳ್ಳ ಇದ್ದಿದ್ನಲೆ, ಅವ ಜೀವಮಾನದಲ್ಲಿ ಎಂತ ಪುಣ್ಯ ಮಾಡಿದ್ದ? ಕಡಿ ಗಳ್ಗಿಲಿ ಸ್ವರ್ಗ ಸಿಕ್ಕಲಿಲ್ಯಾ?"

"ಸಿಕ್ತ್. ಆರೆ ಅವನೂ ಬಾಯ್ ಬಿಟ್ಟ್ ಕೇಂಡದ್ದಲ್ದಾ!"

ಇಷ್ಟು ವರ್ಷದ ಜಗಳದಲ್ಲಿ ನಾನು ಗೆದ್ದದ್ದು ಅದೇ ಮೊದಲು, ಆದರೆ ನನಗೆ ಒಂದು ಚೂರೂ ಖುಷಿಯಾಗಲಿಲ್ಲ. ಬಾಯಮ್ಮ ದನಿ ತಗ್ಗಿಸಿ ತಮ್ಮ ತಾಯಿಯ ಸಂಗತಿ ಹೇಳಿದರು. ಬ್ರಹ್ಮಾವರದ ಮನೆಯಲ್ಲಿ ಆ ತಾಯಿಗೆ ಮುಪ್ಪಿನಲ್ಲಿ ಎಲ್ಲವೂ ಮರೆತುಹೋಗಿತ್ತಂತೆ. ಊಟ ಮಾಡಿದ್ದು, ಗಂಡ ತೀರಿದ್ದು, ಎಲ್ಲ. ಆದರೆ ಕೈಗೆ ಜಪಮಾಲೆ ಕೊಟ್ಟರೆ ಬೆರಳು ಮಣಿಯಿಂದ ಮಣಿಗೆ ತಾನಾಗಿ ಹೋಗುತ್ತಿತ್ತು, ಅದರ ಹಿಂದೆಯೇ ಪ್ರಾರ್ಥನೆ ತಪ್ಪಿಲ್ಲದೆ ಬರುತ್ತಿತ್ತು. "ನಾನ್ ಮಗ್ಳಂದ್ ಅಬ್ಬೆಗೆ ಗೊತ್ತಿದ್ದಿಲ್ಲೆ. ಮಣಿ ಗೊತ್ತಿದ್ದಿತ್" ಎಂದರು ಬಾಯಮ್ಮ.

ನಾನು ತಡೆಯಲಿಲ್ಲ. ಮರುದಿನವೇ ಕೋಟೇಶ್ವರಕ್ಕೆ ಬಸ್ಸು ಹತ್ತಿ ದೇವಸ್ಥಾನದ ಹತ್ತಿರದ ಅಂಗಡಿಯಿಂದ ತುಳಸಿ ಮಣಿಯ ಮಾಲೆ ತಂದೆ. ಬಸ್ಸಿನಲ್ಲಿ ಬರುವಾಗ ಎಷ್ಟು ಸಲ ಚೀಲ ತೆರೆದು ನೋಡಿದೆನೋ! ಅತ್ತೆಯ ಎಡಗೈಯಲ್ಲಿಟ್ಟೆ. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಯಾರದೋ ವಸ್ತು ಎಂಬಂತೆ ಹಾಸಿಗೆಯ ಬದಿಗೆ ಇಟ್ಟರು. ಇನ್ನೇನಾಗುತ್ತದೆ? ಮೀನು ಮಾರುವ ಹೆಂಗಸು ಯಾವ ಕಾಲದಲ್ಲಿ ಜಪಮಣಿ ಹಿಡಿದು ಕೂತಿದ್ದಳು? ಅವತ್ತು ನಾನು ಬಾಯಮ್ಮನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಅವರು ಎಲ್ಲ ಕೇಳಿ, "ಆಯ್ತಾ? ಇನ್ನ್ ಚಾ ಕುಡಿ" ಎಂದು ಫೋನಿಟ್ಟರು.

ರಾಮನವಮಿಗೆ ಒಂಬತ್ತು ದಿನ ಉಳಿದಿತ್ತು. ರಜೆ ಇದ್ದುದರಿಂದ ನಾನು ಮನೆಯಲ್ಲೇ ಇದ್ದೆ. ನೋಡಿದರೆ ಹೈವೇಯಲ್ಲಿ ಲಾರಿಗಳನ್ನು ಕೈ ಅಡ್ಡ ಮಾಡಿ ನಿಲ್ಲಿಸಿಕೊಂಡು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡಿಸಿಕೊಂಡು ಬಾಯಮ್ಮ ಓಡಿ ಬರುತ್ತಿದ್ದಾರೆ. ಆ ವಯಸ್ಸಿನಲ್ಲಿ ಆ ಓಟ!

"ಹ್ವಾಯ್! ಹ್ವಾಯ್ ಹೆಣ್ಣೆ!" ಗೇಟಿನಿಂದಲೇ ಕೂಗು. "ನಿಮ್ಮತ್ತೆ ಮೀನ್ ಎಣ್ಸುವತಿಗೆ ಒಂದ್ ಅಂದದ್ದನ್ನ ನೀ ಯಾವತ್ತಾರೂ ಕೇಂಡಿದ್ಯಾ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಏದುಸಿರು ಬಿಡುತ್ತ ಹೇಳಿದರು. ಮಂಡಳಿಯ ರವಿಕೆಗೆ ಹುಕ್ಕು ಎಣಿಸುತ್ತ ಕೂತಿದ್ದರಂತೆ, ಒಂದು, ಎರಡು, ಮೂರು ಎಂದು. ಆಗ ನೆನಪಾಯಿತಂತೆ, ಅತ್ತೆ ಬಾಯಮ್ಮನ ಪಾತ್ರೆಗೆ ಮೀನು ಹಾಕುವಾಗ ಒಂದು ಎನ್ನುತ್ತಲೇ ಇರಲಿಲ್ಲವಲ್ಲ ಎಂದು.

ಹೌದು! ಭತ್ತ ಅಳೆಯುವವರು ಮೊದಲನೆಯ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆ ಅತ್ತೆಯ ತಾಯಿ ಮಗಳಿಗೆ ಮೀನು ಎಣಿಸಲು ಕಲಿಸಿದ್ದು ದೇವರ ಹೆಸರಿನಿಂದ. ರಾಮ, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಒಂದು ಪಾಲು. ಮತ್ತೆ ರಾಮ, ಎರಡು, ಮೂರು. ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿ ಉಂಡ ನನಗೆ ಇದು ಹೊಳೆಯಲಿಲ್ಲ. ನಾನು ಪುಸ್ತಕ ಹಿಡಿದು ಕೂತವಳು, ಅವರ ಬುಟ್ಟಿಯ ಎದುರು ಕೂತವಳಲ್ಲ. ಮೀನು ಕೊಂಡವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಸ್ಕೂಟರಿನಲ್ಲಿ ಮೀನು ಮಾರುವವನ ಹಾರ್ನು ಕೇಳಿತು. ಬಾಯಮ್ಮ ಹೋಗಿ ಅವನನ್ನು ನಿಲ್ಲಿಸಿ ಒಂದು ಬೇಸನ್ ತುಂಬ ಬಂಗಡೆ ತಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಈಗ ನಗು ಬರುತ್ತದೆ, ಆದರೆ ಆಗ ಎರಡೂ ಕೈಯಿಂದ ಬಾಗಿಲ ಪಟ್ಟಿ ಹಿಡಿದಿದ್ದೆ.

"ಬ್ಯಾಡ ಬಾಯಮ್ಮ. ಒಂಬತ್ತೇ ದಿನ ಇತ್ತ್. ಇಷ್ಟ್ ದಿನ ಮಾಡಿದ್ದೆಲ್ಲ ನೀರಿಗ್ ಹಾಕ್ದಂಗ್ ಆತ್ತ್."

"ನೀ ಇಷ್ಟ್ ದಿನ ಮಾಡಿ ಎಂತ ಸಿಕ್ತ್? ಬದಿಗ್ ಹೋಗ್!"

ನಾನು ಬದಿಗೆ ಹೋಗುತ್ತಿರಲಿಲ್ಲ. ಆದರೆ ಒಳಗಿನಿಂದ ಮಂಚ ಕಿರ್ ಎಂದಿತು. ತಿರುಗಿದರೆ, ಎರಡು ತಿಂಗಳಿನಿಂದ ಎಬ್ಬಿಸಿದರೂ ಏಳದ ಅತ್ತೆ ಎಡಗೈ ಊರಿ ತಾವಾಗಿ ಎದ್ದು ಕೂತಿದ್ದಾರೆ. ಮೂಗು ಅರಳಿದೆ. ಕಣ್ಣು ಬೇಸನ್ನಿನ ಮೇಲಿದೆ.

"ಬಂಗ್ಡಿ!" ಎಂದರು.

ಅವತ್ತು ಮಾತ್ರ ಅದು ಸರಿಯಾದ ಶಬ್ದ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಬದಿಗೆ ಸರಿದೆ.

ಬೇಸನ್ನು ಮಂಚದ ಪಕ್ಕದ ಸ್ಟೂಲಿಗೆ ಬಂತು. ಅತ್ತೆ ಎಡಗೈಯಿಂದ ಒಂದು ಮೀನು ಎತ್ತಿ, ಹೆಬ್ಬೆರಳಿನಿಂದ ಕಿವಿರು ಅಗಲಿಸಿ ಕೆಂಪು ಇದೆಯೇ ಎಂದು ನೋಡಿ, ಅಷ್ಟೇನೂ ತಾಜಾ ಅಲ್ಲ ಎಂಬಂತೆ ಮೂಗು ಮುರಿದರು. ಬಾಯಮ್ಮ ಒಂದು ಪಾತ್ರೆ ಮುಂದೆ ಹಿಡಿದರು. ಮೀನು ಅದರಲ್ಲಿ ಬಿತ್ತು.

"ರಾಮ."

ಪೇಟೆಯ ಆಚೆ ತುದಿಗೂ ಕೇಳುವ ಅದೇ ಹಳೆಯ ಗಟ್ಟಿ ದನಿ! ತೊದಲಿಲ್ಲ, ತಡವರಿಕೆ ಇಲ್ಲ. "ಎರಡ್. ಮೂರ್. ನಾಕ್. ಐದ್." ಐದಕ್ಕೆ ಕೈ ನಿಂತಿತು. ತಮ್ಮ ಬಾಯಿಂದ ಏನು ಬಂತೆಂದು ಅವರಿಗೆ ಆಗ ಗೊತ್ತಾಗಿರಬೇಕು. ನಮ್ಮಿಬ್ಬರನ್ನು ನೋಡಿದರು. ನಾನು ಕಿರುಚಿದೆ, ಬಾಯಮ್ಮ ಕಿರುಚಿದರು, ಪಾತ್ರೆಯ ಮೀನನ್ನು ಮತ್ತೆ ಬೇಸನ್ನಿಗೆ ಸುರಿದೆವು. ಮತ್ತೆ "ರಾಮ." ಮತ್ತೆ ಸುರಿದೆವು. ಎಷ್ಟು ಸಲವೋ ಯಾರಿಗೆ ಗೊತ್ತು! ಹಾಸಿಗೆಯೆಲ್ಲ ಮೀನಿನ ನೀರು, ನನ್ನ ಸೀರೆಯೆಲ್ಲ ಮೀನಿನ ಪೊರೆ. ನಮ್ಮ ಮನೆಯವರು ಬಂದು ಬಾಗಿಲಲ್ಲಿ ನಿಂತು ಅವ್ವನ ಬಾಯಲ್ಲಿ ನಾಮ ಕೇಳಿದವರೇ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟರು. ಎಡಗೈಯಲ್ಲಿ ಮೀನು ಹಿಡಿದು ದೇವರ ಹೆಸರು ಹೇಳುವುದೇ ಎಂಬ ಯೋಚನೆ ನನಗೆ ಬಂದದ್ದು ರಾತ್ರಿ ಊಟದ ಹೊತ್ತಿಗೆ, ಅಷ್ಟರಲ್ಲಿ ಅತ್ತೆ ಮೂರು ಹುರಿದ ಬಂಗಡೆ ತಿಂದಾಗಿತ್ತು.

ಅಯ್ಯೋ, ಎಂಥ ತಪ್ಪು ಮಾಡಿದ್ದೆ ನಾನು! ಆ ಹೆಂಗಸು ನಾಮವನ್ನು ತನ್ನ ದುಡಿಮೆಯೊಳಗೆ ಬಚ್ಚಿಟ್ಟಿದ್ದರೆ ನಾನು ದುಡಿಮೆಯನ್ನೇ ಮನೆಯಿಂದ ಹೊರಹಾಕಿ ನಾಮ ಬರಲಿ ಎಂದು ಕಾದಿದ್ದೆ. ಐವತ್ತು ವರ್ಷ, ದಿನಕ್ಕೆ ನೂರಾರು ಸಲ, ಭಕ್ತಿ ಎಂದು ತಿಳಿಯದೆಯೇ ಅವರು ಕರೆದಿದ್ದರು. ಇದು ಅಭ್ಯಾಸದ ಬಲ, ಅವರೇ ಗಳಿಸಿದ್ದು ಎಂದೆ ನಾನು. ಅಲ್ಲ, ಕೊಟ್ಟದ್ದು, ಇಲ್ಲದಿದ್ದರೆ ಇಷ್ಟೆಲ್ಲ ಅಳಿಸಿಹೋದ ತಲೆಯಲ್ಲಿ ಅದೊಂದನ್ನೇ ಯಾರು ಉಳಿಸಿದರು ಎಂದರು ಬಾಯಮ್ಮ. ಸಾರಿನ ಪಾತ್ರೆ ಮಧ್ಯೆ ಇಟ್ಟುಕೊಂಡು ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿದೆವು. ಅತ್ತೆ ಮುಳ್ಳು ಬಿಡಿಸುತ್ತ ಕೇಳುತ್ತಿದ್ದರು.

ಆದರೆ ಸಂತೋಷ ಮೂರೇ ದಿನ. ಮೀನು ಕೈಯಲ್ಲಿದ್ದರೆ ಮಾತ್ರ ನಾಮ. ಇಲ್ಲದಿದ್ದರೆ ಬಾಯಿಗೆ ಬೀಗ, ಹೆಚ್ಚೆಂದರೆ ಬಂಗಡೆ. ಭಜನಾ ಮಂದಿರಕ್ಕೆ ಮೀನು ಕೊಂಡೊಯ್ಯುವುದುಂಟೇ? ಕೇಳಲು ನನಗೇ ಮನಸ್ಸಿರಲಿಲ್ಲ, ಅತ್ತೆಗಂತೂ ಜೀವ ಹೋದರೂ ಆಗದು. ಲಿಂಬೆಹಣ್ಣು ಕೊಟ್ಟು ನೋಡಿದೆ. ಅಡಿಕೆಯ ಸಿಂಗಾರದ ಹೂವು, ಬಾಳೆಹಣ್ಣು, ಚಿಕ್ಕ ತೆಂಗಿನಕಾಯಿ. ಲಿಂಬೆಹಣ್ಣನ್ನು ತಿರುಗಿಸಿ ನೋಡಿ, ನನ್ನನ್ನು ನೋಡಿ, "ಬಂಗ್ಡಿ" ಎಂದರು. ಬೈದ ಹಾಗೆಯೇ ಇತ್ತು.

ಮಂಡಳಿಯ ಅಧ್ಯಕ್ಷರು ಮನೆಗೆ ಬಂದು ಒಳ್ಳೆಯ ಮಾತಿನಲ್ಲೇ ಹೇಳಿದರು, "ಈ ವರ್ಷ ಬೇರೆ ಯಾರಾರೂ ಶುರು ಮಾಡ್ಲಿ. ಅವ್ರಿಗೆ ಸುಮ್ನೆ ತ್ರಾಸ್ ಎಂತಕ್ಕೆ?" ಅತ್ತೆ ಕೇಳಿಸಿಕೊಂಡರು. ಎಡಗೈ ಎತ್ತಿ ಬೇಡ ಎಂದು ಆಡಿಸಿದರು, ಆಮೇಲೆ ಆ ಕೈಯಿಂದ ಎದೆ ಮುಟ್ಟಿಕೊಂಡರು. "ಹರ್ಕಿ ಅವ್ರದ್ದ್. ಬತ್ರ್. ಬಂದ ಮೇಲ್ ಕಾಂಬ" ಎಂದೆ ನಾನು. ನನ್ನ ಮುಖ ನೋಡಿ ಅಧ್ಯಕ್ಷರು ಚಪ್ಪಲಿ ಮೆಟ್ಟಿಕೊಂಡರು. ನಿಜ ಹೇಳಬೇಕೆಂದರೆ ನನಗೂ ಉಪಾಯ ಇರಲಿಲ್ಲ.

ರಾಮನವಮಿಯ ದಿನ ಇನ್ನೂ ಮಸುಕು ಇರುವಾಗಲೇ ಅತ್ತೆಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಆಟೋದಲ್ಲಿ ಕರೆದುಕೊಂಡು ಹೋದೆವು. ನೆಲದಲ್ಲಿ ಕೂರಲಾಗದ ಕಾರಣ ಬಾಗಿಲ ಹತ್ತಿರವೇ ಪ್ಲಾಸ್ಟಿಕ್ ಕುರ್ಚಿ ಹಾಕಿ ದೀಪವನ್ನು ಅಲ್ಲಿಗೇ ಸರಿಸಿದರು. ಬಾಯಮ್ಮ ಬಂದು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಬನಿ ಎಂದರೆ, "ನಾ ಇಲ್ಲೇ ಸಮ. ಹೊಲ್ದ ರವ್ಕಿ ಹ್ಯಾಂಗ್ ಕಾಣ್ತ್ ಅಂದೇಳಿ ಕಾಂಬುಕ್ ಬಂದದ್ದ್" ಎಂದರು. ಸುಳ್ಳು! ಅವರ ಬೆರಳು ಜಪಮಾಲೆಯ ಮೇಲೆ ಓಡುತ್ತಿದ್ದದ್ದನ್ನು ನಾನು ಕಂಡಿದ್ದೆ.

ತೆಂಗಿನ ತೋಟದ ಆಚೆ ಕೆಂಪಾಯಿತು. ಅಧ್ಯಕ್ಷರು ದೀಪಕ್ಕೆ ಎಣ್ಣೆ ಹಾಕಿ ಹಿಂದೆ ಸರಿದರು. ತಾಳ ಹಿಡಿದ ನಾವು ಇಪ್ಪತ್ತೊಂದು ಹೆಂಗಸರು ಕಾದೆವು. ಅತ್ತೆ ಬಾಯಿ ತೆರೆದರು.

"ಬ..." ಎಂದು ನಿಂತರು. ತುಟಿ ಕಚ್ಚಿಕೊಂಡರು. ಬೆವರು ಇಳಿಯತೊಡಗಿತು. ಮತ್ತೆ "ಬ..." ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಬಿಸಿಲು ಹೊಸ್ತಿಲಿಗೆ ಬಂದಾಗಿತ್ತು. ಅತ್ತೆಯ ಎಡಗೈ ಮೇಲಕ್ಕೆ ಹೋಯಿತು, ಬಾಯಿಗೆ ಹೊಡೆದುಕೊಳ್ಳಲು. ನಾನು ಹಿಡಿಯಲು ಮುಂದೆ ಬಾಗಿದೆ.

ಆಗ ಬಾಯಮ್ಮ ಎರಡು ಮೆಟ್ಟಿಲು ಹತ್ತಿ ಹೊಸ್ತಿಲ ಹೊರಗೇ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಅತ್ತೆಯ ಮುಂದೆ ಒಡ್ಡಿದರು. ಪಾತ್ರೆ ತರಲು ಮರೆತ ಗಿರಾಕಿ ಬುಟ್ಟಿಯ ಎದುರು ಒಡ್ಡುತ್ತಾಳಲ್ಲ, ಹಾಗೆ. ಸುಮ್ಮನೆ ಒಡ್ಡಿ ನಿಂತರು.

ಅತ್ತೆ ಆ ಸೆರಗನ್ನು ನೋಡಿದರು. ಮೇಲೆ ಹೋಗಿದ್ದ ಕೈ ಕೆಳಗಿಳಿಯಿತು. ತೊಡೆಯ ಪಕ್ಕಕ್ಕೆ, ಬುಟ್ಟಿ ಇರಬೇಕಾದ ಜಾಗಕ್ಕೆ ಹೋಯಿತು, ಅಲ್ಲಿ ಇಲ್ಲದ್ದನ್ನು ಎತ್ತಿತು, ಆ ಸೆರಗಿಗೆ ಹಾಕಿತು.

"ರಾಮ!"

ದೇವರೇ, ಆ ಕೂಗು! ಇಪ್ಪತ್ತೊಂದು ತಾಳ ಒಟ್ಟಿಗೆ ಬಿದ್ದವು, ಇಡೀ ಮಂದಿರ ನಾಮವನ್ನು ಎತ್ತಿಕೊಂಡಿತು, ಭಜನೆ ಶುರುವಾಯಿತು. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ತಾಳ ಎರಡು ಪೆಟ್ಟು ತಪ್ಪಿತು. ಅತ್ತೆ ನಿಲ್ಲಿಸಲಿಲ್ಲ. ಕೈ ಮತ್ತೆ ಪಕ್ಕಕ್ಕೆ ಹೋಯಿತು, ಮತ್ತೆ ಸೆರಗಿಗೆ ಬಂತು. ಇನ್ನು ಎರಡು ಎನ್ನುತ್ತಾರೆ ಎಂದು ನಾನು ಕಾದೆ. "ರಾಮ" ಎಂದರು. ಮತ್ತೆ ಕೈ ಹೋಯಿತು. ಮತ್ತೆ "ರಾಮ." ಎರಡು ಬರಲೇ ಇಲ್ಲ. ನಮ್ಮ ತಂಡದ ಒಂದು ಗಂಟೆ ಪೂರ್ತಿ ಅವರು ಹಾಕುತ್ತಲೇ ಇದ್ದರು, ಒಂದೊಂದೂ ಮೊದಲನೆಯದೇ.

ಮುಂದಿನ ತಂಡಕ್ಕೆ ತಾಳ ದಾಟಿಸಿ ಹೊರಗೆ ಬಂದಾಗ ಅತ್ತೆಗೆ ಚಾ ಕುಡಿಸುತ್ತಿದ್ದರು, ಮುಖದಲ್ಲಿ ಹಳೆಯ ಗತ್ತು ಬಂದಿತ್ತು. ಬಾಯಮ್ಮ ಮೆಟ್ಟಿಲಿನಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಅಳು ಒರೆಸಿಕೊಂಡು, ಎಂದಿನ ಹಾಗೆ ಬೈದೆ.

"ಶುರು ಆದ್ಮೇಲ್ ಬಿಡುಕಾತಿದ್ದಿಲ್ಯಾ? ಒಂದ್ ಗಂಟಿ ಸೆರಗ್ ಹಿಡ್ಕಂಡೇ ನಿಂತ್ರಿಯಲೆ. ಕೈ ನೋಯ್ಲಿಲ್ಯಾ?"

ಬಾಯಮ್ಮ ನನ್ನನ್ನು ತಿರುಗಿ ನೋಡಿದರು. ಸೆರಗಿನ ಎರಡು ತುದಿಯನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದೇ ಇದ್ದರು.

"ಬಿಟ್ರೆ ಎಲ್ಲ ಚೆಲ್ಲಿ ಹೋತಿತಲೆ, ಹೆಣ್ಣೆ" ಎಂದರು.